ಗೌರಾಕಾಕುವಿನ ಒಂಟಿ ಸೀನು

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಗೌರಾಬಾಯಿಯ ಹಪ್ಪಳದ ಬಗ್ಗೆ ಎರಡು ಮಾತಿಲ್ಲ. ಅಷ್ಟು ತೆಳುವಾದ ಹಪ್ಪಳವನ್ನು ಮನುಷ್ಯರು ಲಟ್ಟಿಸಿದ್ದು ಬೇರೆಲ್ಲೂ ಕಂಡಿಲ್ಲ. ಕಣ್ಣಿಗೆ ಹಿಡಿದುಕೊಂಡರೆ ಆಚೆ ಬರುವ ಬಸ್ಸಿನ ಬೋರ್ಡು ಓದಬಹುದು. ವಯಸ್ಸಾದವರಿಗೆ ಕನ್ನಡಕಕ್ಕಿಂತ ಚೆನ್ನಾಗಿಯೇ ಕಾಣುತ್ತದೆ. ಒಮ್ಮೆ ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳವೊಂದು ಗಾಳಿಗೆ ಎದ್ದು ಹಾರಿ, ದಾರಿಯ ಬಿಸಿಲಿನಲ್ಲೇ ಸುಟ್ಟುಕೊಂಡು, ಚಿಕ್ಕೋಡಿಯಲ್ಲಿ ಊಟಕ್ಕೆ ಕೂತವರ ತಾಟಿಗೆ ಬಿತ್ತಂತೆ. ಅವರು ತಿಂದು, ರುಚಿ ಹತ್ತಿ, ಮರುದಿನವೇ ವಿಳಾಸ ಹುಡುಕಿಕೊಂಡು ಬಂದರಂತೆ. ನಾನು ಇದನ್ನು ಪೂರ್ತಿ ನಂಬುವುದಿಲ್ಲ. ಚಿಕ್ಕೋಡಿಯವರು ಮರುದಿನವೇ ಬರುವಷ್ಟು ಚುರುಕಿನವರಲ್ಲ.

ಗೌರಾಬಾಯಿ, ಓಣಿಗೆಲ್ಲ ಚಿಕ್ಕಮ್ಮನಂಥ ಗೌರಾಕಾಕು, ರಾಯಬಾಗ ತಾಲೂಕಿನ ಪಾಲಬಾವಿಯ ಒಕ್ಕಲು ಮನೆತನದ ಹೆಣ್ಣು. ಲಗ್ನವಾಗಿ ಬರುವಾಗ ತವರಿನಿಂದ ತಂದದ್ದು ಒಂದು ಲಟ್ಟಣಿಗೆ ಮತ್ತು ಒಂದು ಬಾಯಿ. ಲಟ್ಟಣಿಗೆ ಈಗ ಸವೆದು ಪೆನ್ಸಿಲ್ಲಿನಷ್ಟಾಗಿದೆ. ಬಾಯಿ ಮಾತ್ರ ಬಂದ ದಿನ ಇದ್ದಷ್ಟೇ ಗಟ್ಟಿ. ಗಂಡ ವಿರುಪಾಕ್ಷಪ್ಪನವರು ತಂಬಾಕಿನ ವಖಾರಿಯಲ್ಲಿ ತೂಕ ಮಾಡುವ ಕೆಲಸದಲ್ಲಿದ್ದವರು. ಮಾತನ್ನೂ ತೂಗಿಯೇ ಆಡುತ್ತಾರೆ; ತಕ್ಕಡಿ ಸಾಮಾನ್ಯವಾಗಿ ಖಾಲಿ ಇರುತ್ತದೆ. ಲಗ್ನದ ದಿನ ಒಮ್ಮೆ ‘ಹೂಂ’ ಅಂದಿದ್ದರು, ಆವತ್ತಿನಿಂದ ಅದನ್ನು ವಾಪಸು ತೆಗೆದುಕೊಳ್ಳಲು ಸಂದಿ ನೋಡುತ್ತಿದ್ದಾರೆ ಎಂದು ಕಾಕುವೇ ಹೇಳುತ್ತಾಳೆ.

ಮನೆ ಸಣ್ಣದು, ಮಾಳಿಗೆ ದೊಡ್ಡದು. ಆ ಮಾಳಿಗೆಯೇ ಆಕೆಯ ಹೊಲ, ಆಕೆಯ ಕಬ್ಬು, ಆಕೆಯ ದ್ರಾಕ್ಷಿ. ಬೇಸಿಗೆ ಬಂತೆಂದರೆ ಎದುರು ಮನೆಯ ರಾಮವ್ವ ಮತ್ತು ಓಣಿಯ ಇನ್ನೂ ನಾಲ್ಕೈದು ಹೆಂಗಸರು ಬೀಡಿ ಕಟ್ಟುವ ಮೊರ ಬದಿಗಿಟ್ಟು ಅಲ್ಲಿ ಹಪ್ಪಳ ಲಟ್ಟಿಸಲು ಕೂರುತ್ತಾರೆ. ಹಳೆಯ ಸೀರೆಗಳ ಮೇಲೆ ಹಪ್ಪಳ ಹರಡಿದಾಗ, ಮೇಲೆ ಹೋಗುವ ವಿಮಾನದವರಿಗೆ ನಿಪ್ಪಾಣಿಯಲ್ಲಿ ಹಗಲೇ ಬೆಳದಿಂಗಳು ಬಿದ್ದಂತೆ ಕಾಣುತ್ತದಂತೆ. ಅಥಣಿ, ಕಾಗವಾಡ, ಶೇಡಬಾಳ, ಮದುವೆ ಎಲ್ಲಿದ್ದರೂ ಹಪ್ಪಳ ಈ ಮಾಳಿಗೆಯದು.

ಮಾಳಿಗೆಯ ಪಶ್ಚಿಮಕ್ಕೆ ಒಂದು ಗೋಡೆ, ಗೋಡೆಯ ಆಚೆ ದಾದಾಸಾಹೇಬರ ನಶ್ಯದ ಗಿರಣಿ. ನಶ್ಯಕ್ಕೆ ನಮ್ಮ ಕಡೆ ತಪಕೀರು ಎನ್ನುತ್ತಾರೆ. ತಂಬಾಕನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಮೂಗಿಗೆ ಏರಿಸುವಷ್ಟು ನುಣ್ಣಗೆ ಮಾಡಿದ ಪುಡಿ ಅದು. ದಾದಾಸಾಹೇಬರು ಕೆಟ್ಟವರೇನಲ್ಲ. ಕೈ ಸಡಿಲ, ಮಾತು ಮೆದು. ಆದರೆ ಪಂಚಾಂಗ ನೋಡದೆ ಮೋಟರಿನ ಬಟನ್ ಒತ್ತುವವರಲ್ಲ. ರಾಹುಕಾಲದಲ್ಲಿ ಅವರು ಗಡಿಯಾರವನ್ನೂ ನೋಡುವುದಿಲ್ಲ. ನೋಡಿದರೆ ರಾಹುಕಾಲವೆಂದು ತಿಳಿದುಬಿಡುತ್ತದಲ್ಲ ಎಂಬ ಭಯ.

ಹಳೆಯ ಗಿರಣಿ ಸಣ್ಣದಿತ್ತು. ಅದರ ಧೂಳಿಗೂ ಓಣಿಯ ಮೂಗಿಗೂ ಒಂದು ಹೊಂದಾಣಿಕೆಯಿತ್ತು. ಕಳೆದ ವರ್ಷ ದಾದಾಸಾಹೇಬರು ಒಂದು ದೊಡ್ಡ ಕುಟ್ಟುವ ಮಷಿನ್ ತಂದರು. ಅದನ್ನು ಕಾಕುವಿನ ಗೋಡೆಗೆ ಹತ್ತಿದ ಹಾಗೆ ಹೊಸ ಶೆಡ್ಡು ಕಟ್ಟಿ ಕೂರಿಸುವುದೆಂದು ನಿಶ್ಚಯವಾಯಿತು. ನಡೆಯುತ್ತದೋ ಇಲ್ಲವೋ ನೋಡಲು ಅಂಗಳದಲ್ಲೇ ಎರಡು ದಿನ ಓಡಿಸಿದರು. ಆ ಎರಡು ದಿನ ಮಾಳಿಗೆಯ ಮೇಲೆ ಒಣಗುತ್ತಿದ್ದದ್ದು ಶೇಡಬಾಳದ ಮದುವೆಯ ಹಪ್ಪಳ.

ಶೇಡಬಾಳದಲ್ಲಿ ಆದದ್ದನ್ನು ಕಂಡವರು ಹೇಳಿದ್ದು ಇಷ್ಟು. ಪಂಕ್ತಿ ಕೂತಿತು. ಮೊದಲ ಹಪ್ಪಳ ಮುರಿದದ್ದೇ ತಡ, ಈ ತುದಿಯಿಂದ ಆ ತುದಿಗೆ ಸೀನು ರೈಲಿನಂತೆ ಓಡಿತು. ಆ ಗಾಳಿಗೆ ಚಪ್ಪರ ಒಂದು ಮಾರು ಮೇಲೆದ್ದು ಕೂತಿತು. ಬೀಗರ ರುಮಾಲು ಬೀಗಿತಿಯ ತಲೆಗೆ ಹೋಯಿತು. ಸಾರಿನ ಬಕೀಟು ಹಿಡಿದವನು ಸೀನುವ ಮೊದಲು ಮೊದಲ ಪಂಕ್ತಿಯಲ್ಲಿದ್ದ, ಸೀನಿದ ಮೇಲೆ ಊರ ಹೊರಗಿದ್ದ. ವಧುವಿನ ತಂದೆ ಅಲ್ಲಿಂದಲೇ ಫೋನು ಮಾಡಿದರು.

“ಕಾಕು, ನೀವು ಹಪ್ಪಳಾ ಕಳಿಸಿರೋ, ತಪಕೀರಾ ಕಳಿಸಿರೋ?”

ಗೌರಾಕಾಕು ಫೋನಿಟ್ಟು ಗೋಡೆಯಾಚೆಯ ಗಿರಣಿಯ ಕಡೆ ನೋಡಿದಳು. ಎರಡು ದಿನದ ಧೂಳಿಗೇ ಹೀಗಾದರೆ, ಮಷಿನ್ ಗೋಡೆಗೆ ಬಂದು ಕೂತ ಮೇಲೆ ಈ ಮಾಳಿಗೆಯ ಹಪ್ಪಳವನ್ನು ಯಾರೂ ಕೊಳ್ಳುವುದಿಲ್ಲ, ಅಷ್ಟೆ. ಹಾಗೆಂದು ರಾಮವ್ವನಿಗೂ ಗೊತ್ತಾಯಿತು, ಲಟ್ಟಣಿಗೆಗೂ ಗೊತ್ತಾಯಿತು.

ಕಾಕು ಅದೇ ಸಂಜೆ ಮಾಳಿಗೆ ಹತ್ತಿ ಗೋಡೆಯ ಮೇಲಿಂದ ಕೂಗಿದಳು.

“ಸಾವ್ಕಾರ, ಆ ಮಷಿನ್ನ ಇಲ್ಲಿ ಕುಂದ್ರಸಬ್ಯಾಡ್ರಿ. ನನ್ನ ಹಪ್ಪಳ ಹಾಳಾಗತಾವ.”

“ಕಾಕು, ನಾ ಏನ್ ಕಳ್ಳತನದಾಗ ಕಟ್ಟಾಕತ್ತೇನೇನ್ರಿ? ಎಲ್ಲಾ ಕಾಯದೇಶೀರ. ಪರಿಸರದ ವರದಿ ಮಾಡಾವ್ರು ಬರಾಕತ್ತಾರ. ತೊಂದ್ರಿ ಐತಿ ಅಂತ ಅವರು ಬರದ್ರ ನಾ ಒಂದ್ ಇಟ್ಟಂಗೀನೂ ಇಡೂದಿಲ್ಲ.”

“ತೊಂದ್ರಿ ಐತಿ ಅಂತ ನಾ ಈಗ ಹೇಳಾಕತ್ತೇನಲ್ಲಾ?”

“ನೀವು ಬಾಯಿಲೆ ಹೇಳಾಕತ್ತೀರಿ. ಅದಕ್ಕ ಅಳತಿ ಬೇಕ್ರಿ.”

“ನನ್ನ ಬಾಯಿ ಅಳ್ಯಾವ್ರು ಇನ್ನೂ ಹುಟ್ಟಿಲ್ಲ ಬಿಡ್ರಿ.”

ಅಳೆಯುವವಳು ಹುಟ್ಟಿದ್ದಳು. ಹುಬ್ಬಳ್ಳಿಯ ಹುಡುಗಿ ಮೇಘಾ, ಪುಣೆಯಲ್ಲಿ ಓದಿ, ಇಂಥ ವರದಿಗಳನ್ನೇ ಬರೆಯುವ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದವಳು. ಬಂದವಳೇ ಮೂರು ಕಾಲಿನ ಯಂತ್ರವೊಂದನ್ನು ಕಾಕುವಿನ ಮಾಳಿಗೆಯ ಮೇಲೆ ನಿಲ್ಲಿಸಿ ಧೂಳು ಹಿಡಿದಳು. ಮಷಿನ್ ಓಡುತ್ತಿತ್ತು, ಯಂತ್ರ ಧೂಳು ಕುಡಿಯುತ್ತಿತ್ತು. ಕೊನೆಗೆ ಅದು ಕೊಟ್ಟ ಲೆಕ್ಕ: ಧೂಳು ಮಿತಿಯ ಒಳಗಿದೆ, ಕೂದಲೆಳೆಯಷ್ಟು ಒಳಗೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪರವಾನಗಿಯ ಕಾಗದದಲ್ಲಿ ಯಾರೋ ಪುಣ್ಯಾತ್ಮರು ಇನ್ನೊಂದು ಸಾಲು ಸೇರಿಸಿದ್ದರು: ‘ನೆರೆಹೊರೆಯವರ ನೆಮ್ಮದಿಗೆ ಗಣನೀಯ ಧಕ್ಕೆ ಆಗತಕ್ಕದ್ದಲ್ಲ.’ ನೆಮ್ಮದಿಯನ್ನು ಕಿಲೋದಲ್ಲಿ ತೂಗಲು ಬರುವುದಿಲ್ಲ, ಗಜದಲ್ಲಿ ಅಳೆಯಲು ಬರುವುದಿಲ್ಲ. ಇನ್ನು ‘ಗಣನೀಯ’ ಎಂಬುದು ಹೊಟ್ಟೆಯ ಹಸಿವಿನ ಹಾಗೆ, ಅವರವರದು ಅವರವರಿಗೆ. ಮೇಘಾ ಎರಡು ದಿನ ಲಾಡ್ಜಿನಲ್ಲಿ ಕೂತು ಯೋಚಿಸಿ ಒಂದು ಉಪಾಯ ತೆಗೆದಳು. ತಪಕೀರಿನ ಧೂಳು ನೆಮ್ಮದಿ ಕೆಡಿಸುವುದು ಮೂಗಿನ ಮುಖಾಂತರ. ಮೂಗು ಕೆಟ್ಟರೆ ಸೀನು. ಸೀನನ್ನು ಎಣಿಸಬಹುದು. ಒಬ್ಬ ಮನುಷ್ಯ ತಾಸಿಗೆ ನಾಲ್ಕು ಸೀನಿನವರೆಗೆ ಸೀನಿದರೆ ನೆಮ್ಮದಿ. ನಾಲ್ಕು ದಾಟಿದರೆ ಧಕ್ಕೆ ಗಣನೀಯ.

ರಾಮವ್ವನ ಕಟ್ಟೆಯ ಮೇಲೆ ಓಣಿಯವರನ್ನು ಸೇರಿಸಿ ಅವಳು ಇದನ್ನು ತಿಳಿಸಿ ಹೇಳಿದಳು. ಗೌರಾಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ನಾಕ ಯಾಕ ತಂಗೀ?”

“ಎಲ್ಲ್ಯರ ಒಂದ್ ಕಡೆ ಗೆರಿ ಹಾಕಬೇಕಲ್ರಿ ಕಾಕು.”

“ಅಂದ್ರ ನಾಕನೇ ಸೀನಿನ ತನಕ ನೆಮ್ಮದಿ ಮನ್ಯಾಗ ಕುಂತಿರತೈತಿ. ಐದನೇದು ಬಂತಂದ್ರ ಚಪ್ಪಲಿ ಮೆಟ್ಟಗೊಂಡು ಹೊಂಟ ಹೋಗತೈತಿ?”

ಜನ ನಕ್ಕರು. ಮೇಘಾಳೂ ನಕ್ಕಳು. ಆದರೆ ಗೆರೆ ಗೆರೆಯೇ ಆಗಿ ಉಳಿಯಿತು.

“ನೀವು ಏನೂ ಬ್ಯಾರೆ ಮಾಡಬ್ಯಾಡ್ರಿ. ದಿನಾ ಹೆಂಗ ಇರತೀರಿ ಹಂಗ ಇರ್ರಿ,” ಎಂದಳು. ಗುಡಿಯಲ್ಲಿ ಜನ ಎಣಿಸಲು ಬಳಸುತ್ತಾರಲ್ಲ, ಬೆರಳಿನಿಂದ ಒತ್ತಿದರೆ ಟಿಕ್ ಎನ್ನುವ ಸಣ್ಣ ಡಬ್ಬಿ, ಅಂಥದೊಂದನ್ನು ಹಿಡಿದು ಮರುದಿನ ಬೆಳಗಾಗುತ್ತಲೇ ಅದೇ ಕಟ್ಟೆಯ ಮೇಲೆ ಕೂತಳು. ಗೋಡೆಯಾಚೆ ಮಷಿನ್ ಗುಡುಗತೊಡಗಿತು.

ಇಲ್ಲಿ ಒಂದು ಮಾತು ಹೇಳಬೇಕು. ಬೆಳಗಿನ ಹೊತ್ತು ಓಣಿಯಿಂದ ಎಲ್ಲರೂ ಎಲ್ಲೋ ಹೊರಟಿರುತ್ತಾರೆ. ವಖಾರಿಗೆ ಹೊರಟವರು, ಶಾಲೆಗೆ ಹೊರಟವರು, ಚಿಕ್ಕೋಡಿಯ ಕೋರ್ಟಿಗೆ ತಾರೀಖಿಗೆ ಹೊರಟವರು. ಹೊರಟವರ ಎದುರು ಯಾರಾದರೂ ಒಂಟಿ ಸೀನು ಸೀನಿದರೆ ಕೆಲಸ ಕೆಟ್ಟಂತೆಯೇ. ಚಪ್ಪಲಿ ಬಿಟ್ಟು, ಒಳಗೆ ಬಂದು, ನೀರು ಕುಡಿದು, ಒಂದು ಗಳಿಗೆ ಕೂತು, ಮತ್ತೆ ಹೊರಡಬೇಕು. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಹೋದ ಬಸ್ಸಿನ ಬೈಗುಳವೆಲ್ಲ ಸೀನಿದವರ ತಲೆಗೆ. ಹೀಗಾಗಿ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸು ನಡೆಯುವುದಕ್ಕಿಂತ ಮೊದಲು ಸೀನು ನುಂಗುವುದನ್ನು ಕಲಿಯುತ್ತದೆ. ಇದು ನಮಗೆ ಒಂದು ಪದ್ಧತಿ ಎಂದು ಅನಿಸುವುದೂ ಇಲ್ಲ. ರೆಪ್ಪೆ ಬಡಿದಂತೆ ನಡೆದುಹೋಗುತ್ತದೆ.

ಹೇಗಿರುತ್ತೀರೋ ಹಾಗೇ ಇರಿ ಎಂದಿದ್ದಳಲ್ಲ, ಎಲ್ಲರೂ ಹಾಗೇ ಇದ್ದರು. ಧೂಳು ಮೂಗಿಗೆ ಏರುತ್ತಿತ್ತು, ಸೀನು ಗಂಟಲಿಗೆ ಇಳಿಯುತ್ತಿತ್ತು. ನುಂಗಿದ ರಭಸಕ್ಕೆ ರಾಮವ್ವನ ಕಿವಿಯ ಬೆಂಡೋಲೆ ಸಿಡಿದು ಹೋಗಿ ನುಗ್ಗೆಯ ಗಿಡಕ್ಕೆ ನೇತುಬಿತ್ತು. ವಿರುಪಾಕ್ಷಪ್ಪನವರು ಹಾಲು ತರಲು ಹೊರಟವರು ಒಂದು ದೊಡ್ಡ ಸೀನು ನುಂಗಿದಾಗ ಅಂಗಿಯ ಗುಂಡಿಗಳು ಮೇಲಿಂದ ಕೆಳಗೆ ಸಾಲಾಗಿ ಬಿಚ್ಚಿಕೊಂಡವು. ಆ ಸೀನು ಎರಡು ದಿನ ಬಿಟ್ಟು ಬಿಕ್ಕಳಿಕೆಯಾಗಿ ಹೊರಬಂತು. ಗಂಡ ಹೊರಟಿದ್ದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದ ಕಾಕುವೂ ತನಗೇ ಅರಿವಿಲ್ಲದೆ ನಾಲ್ಕಾರು ನುಂಗಿದಳು. ಮೇಘಾಳ ಬೆರಳು ಡಬ್ಬಿಯ ಮೇಲೆ ಸುಮ್ಮನೆ ಕಾಯುತ್ತಿತ್ತು. ಬೆಕ್ಕೊಂದು ಸೀನಿತು. ಬೆಕ್ಕು ಲೆಕ್ಕದಲ್ಲಿ ಇರಲಿಲ್ಲ.

“ನಿಮ್ಮ ಓಣಿ ಭಾಳ ನೆಮ್ಮದೀಲೆ ಐತ್ರಿ ಕಾಕು,” ಎಂದು ಅವಳು ಎದ್ದಾಗಲೇ ಕಾಕುವಿಗೆ ಬೆಳಕು ಹರಿದದ್ದು.

“ಅಯ್ಯ ನನ್ನ ಕರ್ಮಾ! ಸೀನು ಬಂದಿಲ್ಲಂತ ತಿಳದಿ ಏನ? ನನ್ನ ಹೊಟ್ಯಾಗ ಒಂದ್ ಚೀಲಾ ಕುಂತಾವ.”

“ಹೊಟ್ಯಾಗಿಂದು ಲೆಕ್ಕಕ್ಕ ಬರೂದಿಲ್ರಿ. ಹೊರಗ ಬರಬೇಕು.”

“ಹೊರಗ ಬರಬೇಕಲ್ಲ? ನಾಳಿ ಬಾ.”

ಮೇಘಾ ನ್ಯಾಯವಂತೆ. ಮತ್ತೊಂದು ದಿನ ಎಣಿಸಲು ಒಪ್ಪಿದಳು. ಕಾಕು ಅವತ್ತು ಮಧ್ಯಾಹ್ನ ಮನೆ ಮನೆ ತಿರುಗಿದಳು. ನುಂಗಬೇಡಿ, ಬಂದಷ್ಟೂ ಬಿಡಿ ಎಂದಳು. ರಾಮವ್ವ ಒಪ್ಪಲಿಲ್ಲ.

“ಏ ಕಾಕು, ನಮ್ಮಾಂವ ನಾಳಿ ಸೊಸೈಟಿ ಕೆಲಸಕ್ಕ ಅಥಣಿಗೆ ಹೊಂಟಾನ. ನಾ ಒಂಟಿ ಸೀನು ಸೀನಿ ಅವನ ಕಡೆ ಒದಿ ತಿನ್ನಲೇನು?”

“ಒಂಟಿ ಸೀನು ಅಂತ ಯಾಂವ ಹೇಳಿದಾನ? ಒಂದು ಬಂದ ಕೂಡ್ಲೆ ಇನ್ನೊಂದು ಕೂಡಸು. ಜೋಡಿ ಆದ್ರ ದೋಷ ಎಲ್ಲೈತಿ?”

ಹೌದಲ್ಲ ಎಂದು ಓಣಿ ತಲೆದೂಗಿತು. ಜೋಡಿ ಸೀನಿಗೆ ಯಾವ ದೋಷವೂ ಇಲ್ಲ. ಕೆಲವರು ಅದನ್ನು ಶುಭವೆಂದೇ ಹೇಳುತ್ತಾರೆ. ಮರುದಿನ ಬೆಳಗಿನ ಆ ಮೇಳವನ್ನು ಕೇಳಬೇಕಿತ್ತು. ಒಂದು ಸೀನು ತಾನಾಗಿ ಬರುತ್ತಿತ್ತು, ಅದರ ಬೆನ್ನಿಗೆ ಇನ್ನೊಂದು ಬಲವಂತದಿಂದ. ಆಕ್ಷೀ, ಆಕ್ಷೀ! ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿಯವರು ಟೈರು ಒಡೆಯಿತೆಂದು ಇಳಿದು ಇಳಿದು ನೋಡಿದರು. ಒಬ್ಬನಂತೂ ಸರಿಯಿದ್ದ ಟೈರನ್ನೇ ಬದಲಿಸಿಕೊಂಡು ಹೋದ. ಮೇಘಾಳ ಹೆಬ್ಬೆರಳಿಗೆ ಬೊಬ್ಬೆ ಬಂತು.

ಮಧ್ಯಾಹ್ನ ಅವಳು ಲೆಕ್ಕದ ಹಾಳೆ ಹಿಡಿದು ಕಾಕುವಿನ ಮನೆಗೇ ಬಂದಳು. ಮುಖ ಗಂಟಿಕ್ಕಿತ್ತು.

“ಕಾಕು, ಇದೇನ್ರಿ? ಯಾರದು ನೋಡಿದ್ರೂ ಸಮಸಂಖ್ಯಾನ ಐತಿ. ಆರು, ಎಂಟು, ಹತ್ತು. ಒಬ್ಬರದರ ಐದು ಬ್ಯಾಡೇನ್ರಿ, ಏಳು ಬ್ಯಾಡೇನ್ರಿ? ನಿಸರ್ಗದಾಗ ಹಿಂಗ ಆಗೂದಿಲ್ಲ. ಇದು ನಾಟಕಾ.”

“ನಾಟಕ ಅಲ್ಲ ತಂಗೀ, ಮರ್ಯಾದಿ. ಮೊದಲನೇದು ಧೂಳೀಂದು. ಎರಡನೇದು ಹೊಂಟಾವ್ರ ಸಲುವಾಗಿ ನಾವು ಕೂಡಸಿದ್ದು.”

ಮೇಘಾ ಹಾಳೆಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಹಣೆ ಬಡಿದುಕೊಂಡಳು.

“ನಮ್ಮಜ್ಜೀನೂ ಹಿಂಗ ಮಾಡತಿದ್ಲು. ನನಗ ಹೊಳೀಲೇ ಇಲ್ಲ ನೋಡ್ರಿ.” ಹಾಗೆಂದವಳು ಪೆನ್ನು ತೆಗೆದಳು. “ಅಂದ್ರ ಅರ್ಧ ಖರೇ. ಓಣೀದು ಸರಾಸರಿ ಒಬ್ಬರಿಗೆ ತಾಸಿಗೆ ಎಂಟು ಬಂದೈತಿ. ಅದರಾಗ ಅರ್ಧಾ…”

ಅರ್ಧ ನಾಲ್ಕಾಯಿತು. ಮೂರೂಮುಕ್ಕಾಲಲ್ಲ, ನಾಲ್ಕೂಕಾಲಲ್ಲ, ಸರಿಯಾಗಿ ನಾಲ್ಕು. ನಾಲ್ಕರವರೆಗೆ ನೆಮ್ಮದಿ.

ಕಾಕು ಬಾಯಿ ತೆರೆದಳು. ಮಾತು ಬರಲಿಲ್ಲ. ಅಂಥ ದೃಶ್ಯ ಓಣಿಯಲ್ಲಿ ಹಿಂದೆ ಯಾರೂ ಕಂಡಿರಲಿಲ್ಲ. ವಿರುಪಾಕ್ಷಪ್ಪನವರು ಗಾಬರಿಯಾಗಿ ನೀರು ತಂದುಕೊಟ್ಟರು. ಮೇಘಾಳಿಗೂ ಕೆಡುಕೆನಿಸಿತು. “ನನ್ನ ಮನಸಿಗೆ ಏನ್ ಅನಸತೈತಿ ಅಂತ ಬರಿಯಾಕ ಬರೂದಿಲ್ರಿ ಕಾಕು. ಅದನ್ನ ದೂರ ಇಡಾಕಂತನ ಲೆಕ್ಕಾ ಹಿಡಿಯೂದು,” ಎಂದು ಹೇಳಿ, ತಲೆ ತಗ್ಗಿಸಿ ಹೋದಳು. ವರದಿಯಲ್ಲಿ ‘ಗಣನೀಯ ಧಕ್ಕೆ ಇಲ್ಲ’ ಎಂದು ಬಿತ್ತು.

ಅಹವಾಲು ಕೇಳುವ ದಿನ ಬಂತು. ಊರಿನ ಒಂದು ಕಲ್ಯಾಣ ಮಂಟಪದಲ್ಲಿ ಕುರ್ಚಿ ಹಾಕಿದ್ದರು. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಮೇಜು, ಮೇಜಿನ ಹಿಂದೆ ಪರವಾನಗಿ ಕೊಡುವ, ಮೈಸೂರು ಕಡೆಯ ಒಬ್ಬ ಸಾಹೇಬರು, ಪಕ್ಕದಲ್ಲಿ ಮೇಘಾ. ಮುಂದಿನ ಸಾಲಿನಲ್ಲಿ ದಾದಾಸಾಹೇಬರು ಬಿಳಿ ಅಂಗಿ, ಬಿಳಿ ಟೊಪ್ಪಿಗೆ ಹಾಕಿಕೊಂಡು ಕೂತಿದ್ದರು. ಎದುರು ಸಾಲಿನಲ್ಲಿ ಗೌರಾಕಾಕು ಮತ್ತು ಅವಳ ಹಪ್ಪಳದ ಪಡೆ.

ಕಾಕು ಎದ್ದು ಎಲ್ಲವನ್ನೂ ಹೇಳಿದಳು. ಶೇಡಬಾಳದ ಮದುವೆಯನ್ನು ಅಭಿನಯಿಸಿಯೂ ತೋರಿಸಿದಳು. ಸಾಹೇಬರು ತಾಳ್ಮೆಯಿಂದ ಕೇಳಿದರು.

“ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ ತಾಯಿ. ಆದರೆ ವರದೀಲಿ ನಾಲ್ಕು ಅಂತ ಇದೆ. ನಾಲ್ಕಕ್ಕಿಂತ ಜಾಸ್ತಿ ಇದ್ದಿದ್ರೆ ನಾನೇ ಬೇಡ ಅಂತಿದ್ದೆ.”

“ನಿಮಗ ಖರೇ ಹೇಳ್ತೇನ್ರಿ ಸಾಹೇಬ್ರ, ಆ ನಾಕನ್ನ ನೀವು ಒಂದಿನ ನಮ್ಮ ಮಾಳಗೀ ಮ್ಯಾಲೆ ಬಂದು ಸೀನಿ ನೋಡ್ರಿ.”

“ಬರೋದಕ್ಕೆ ಆಗಲ್ಲಮ್ಮ, ಇವತ್ತೇ ವಾಪಸ್ ಹೋಗ್ಬೇಕು,” ಎಂದು ಸಾಹೇಬರು ಪೆನ್ನು ತೆಗೆದರು.

“ಒಂದೀಟ ತಡೀರಿ ಸಾಹೇಬ್ರ,” ಎಂದು ದಾದಾಸಾಹೇಬರು ಗಡಿಯಾರ ನೋಡಿಕೊಂಡರು. “ಈಗ ಗಳಿಗಿ ಚಲೋ ಇಲ್ರಿ. ಇನ್ನೊಂದ್ ಚೂರು ಹೊತ್ತಿಗೆ ಅಮೃತಗಳಿಗಿ ಬರತೈತಿ.”

ಸಾಹೇಬರು ನಕ್ಕು ಕಾದರು. ಸಭೆಯೂ ಕಾಯಿತು. ಫ್ಯಾನುಗಳು ತಿರುಗುತ್ತಿದ್ದವು. “ಹಾಂ, ಈಗ ಮಾಡ್ರಿ,” ಎಂದರು ದಾದಾಸಾಹೇಬರು. ಸಾಹೇಬರ ಪೆನ್ನಿನ ಮೊನೆ ಕಾಗದಕ್ಕೆ ಇನ್ನೇನು ಹತ್ತಬೇಕು—

“ಆಕ್ಷೀ!”

ಗೌರಾಕಾಕು ಸೀನಿದ್ದಳು. ಒಂದೇ ಒಂದು. ತುಂಬಿದ ಸಭೆಯಲ್ಲಿ ಆ ಸೀನು ತಾಮ್ರದ ಕೊಡ ಬಿದ್ದಂತೆ ಕೇಳಿಸಿತು. ಅದು ತಾನಾಗಿ ಬಂದದ್ದೋ, ಕರೆಸಿಕೊಂಡದ್ದೋ, ಇಂದಿಗೂ ಓಣಿಯಲ್ಲಿ ಎರಡು ಪಕ್ಷಗಳಿವೆ. ಕಾಕು ಯಾವ ಪಕ್ಷಕ್ಕೂ ಸೇರಿಲ್ಲ.

“ನಿಲ್ಲಸ್ರೀ!” ದಾದಾಸಾಹೇಬರು ಕುರ್ಚಿಯಿಂದ ಎದ್ದೇ ಬಿಟ್ಟರು. “ಸಾಹೇಬ್ರ, ಸಹಿ ಮಾಡಬ್ಯಾಡ್ರಿ!”

“ಯಾಕ್ರೀ? ಪರವಾನಗಿ ಬೇಕು ಅಂದವರು ನೀವೇ ಅಲ್ವಾ?”

“ಒಂಟಿ ಸೀನ್ರಿ. ಈಗ ಸಹಿ ಬಿದ್ರ ಮಷಿನ್ ಮೊದಲನೇ ದಿನಾನ ಸುಟ್ಟ ಹೋಗತೈತಿ.”

“ಇದೆಲ್ಲ ಮೂಢನಂಬಿಕೆ,” ಎಂದರು ಸಾಹೇಬರು. ಆದರೆ ಪೆನ್ನನ್ನು ಕಾಗದದ ಮೇಲಿಂದ ಎ‍ತ್ತಿದ್ದಂತೂ ಹೌದು. ಅವರ ವರ್ಗಾವಣೆಯ ಆದೇಶ ಅದೇ ವಾರ ಬರುವುದಿತ್ತೆಂದು ಆಮೇಲೆ ತಿಳಿಯಿತು.

ದಾದಾಸಾಹೇಬರು ಕಾಕುವಿನ ಬಳಿ ಬಂದು ಕೈಮುಗಿದರು. “ಕಾಕು, ಇನ್ನೊಂದು ಸೀನಿ ಬಿಡ್ರಿ. ಜೋಡಿ ಆಗ್ಲಿ.”

“ನಾ ಏನ್ ನಳಾ ಏನ್ರಿ, ತಿರುವಿದ ಕೂಡ್ಲೆ ಬರಾಕ?”

“ಓಣ್ಯಾಗ ಬೇಕಾದಾಂಗ ಕೂಡಸಿದ್ರೆಲ್ಲಾ!”

“ಅದು ನಾಟಕಾ ಅಂತ ಅರ್ಧಾ ಕಡದ ಹಾಕ್ಯಾರ. ಈಗ ಬರೇ ಖರೇ ಸೀನು ಅಷ್ಟ ಸೀನಾಕತ್ತೇನಿ. ಬಂದ್ರ ಬರತೈತಿ, ಇಲ್ಲಂದ್ರ ಇಲ್ಲ.”

ಆಕೆ ಮೂಗು ಮೇಲೆತ್ತಿ, ಕಣ್ಣು ಅರೆ ಮುಚ್ಚಿ, ಬಾಯಿ ತೆರೆದಳು. ಸಭೆಯೆಲ್ಲ ಬಾಯಿ ತೆರೆಯಿತು. “ಆ… ಆ…” ಎಂದಳು. ದಾದಾಸಾಹೇಬರು ಅವಳ ಜೊತೆಗೆ “ಆ… ಆ…” ಎಂದರು. ಕಾಕು ಬಾಯಿ ಮುಚ್ಚಿ, “ಹೋತ್ರಿ,” ಎಂದಳು.

ದಾದಾಸಾಹೇಬರು “ಬಿಸಿಲು ನೋಡ್ರಿ” ಎಂದರು, ಕರವಸ್ತ್ರದ ತುದಿ ಹೊಸೆದು ಕೊಟ್ಟರು. ಏನು ಮಾಡಿದರೂ ಸೀನು ಬಾರದು. ಅಮೃತಗಳಿಗೆ ಕರಗುತ್ತಿತ್ತು. ಕೊನೆಗೆ ತಮ್ಮ ಮ್ಯಾನೇಜರ್ ಲಗಮಪ್ಪನನ್ನು ಗಿರಣಿಗೆ ಓಡಿಸಿದರು. ಅವನು ಹೊಸ ಮಷಿನ್ನಿನಲ್ಲಿ ಕುಟ್ಟಿದ, ಹೂವಿನ ಪರಾಗಕ್ಕಿಂತ ನುಣ್ಣಗಿನ ತಪಕೀರಿನ ಡಬ್ಬಿ ತಂದ. ದಾದಾಸಾಹೇಬರು ಅದನ್ನು ಕಾಕುವಿನ ಮುಂದೆ ಹಿಡಿದು ಮುಚ್ಚಳ ತೆಗೆದರು. ಕಾಕು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ತಲೆಯ ಮೇಲೆ ಕಲ್ಯಾಣ ಮಂಟಪದ ಫ್ಯಾನು, ಮದುವೆಯ ಜನಕ್ಕೆಂದು ಹಾಕಿಸಿದ್ದು, ಜೋರಾಗಿ ತಿರುಗುತ್ತಿತ್ತು. ಡಬ್ಬಿಯಿಂದ ಒಂದು ಸಣ್ಣ ಮೋಡ ಎದ್ದು, ಸಭೆಯನ್ನು ಒಮ್ಮೆ ಸುತ್ತಿ, ವೇದಿಕೆ ಹತ್ತಿತು.

ಸಾಹೇಬರು ಸೀನಿದರು. ಮತ್ತೆ ಸೀನಿದರು. ಆಮೇಲೆ ಅವರು ಸೀನುತ್ತಿದ್ದಾರೋ, ಸೀನೇ ಅವರನ್ನು ಹಿಡಿದು ಜಾಡಿಸುತ್ತಿದೆಯೋ ತಿಳಿಯದಂತಾಯಿತು. ಮೇಜಿನ ಮೇಲಿನ ಕಾಗದಗಳು ಹಾರಿ ಬಾಗಿಲ ತೋರಣಕ್ಕೆ ಸಿಕ್ಕಿಕೊಂಡವು. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಒಟ್ಟಿಗೆ ಮಗುಚಿ ಊರಿಗೇ ಮೊದಲು ಮಳೆಗಾಲ ಬಂತು. ಹೊರಗೆ ನಿಲ್ಲಿಸಿದ್ದ ಅವರ ಜೀಪು ತಾನೇ ಚಾಲೂ ಆಯಿತೆಂದು ಡ್ರೈವರ್ ಆಣೆ ಮಾಡಿ ಹೇಳುತ್ತಾನೆ. ಇಷ್ಟರ ನಡುವೆ ಟಿಕ್, ಟಿಕ್, ಟಿಕ್ ಎಂಬ ಸಣ್ಣ ಸದ್ದು. ಮೇಘಾಳ ಬೊಬ್ಬೆಯೆದ್ದ ಹೆಬ್ಬೆರಳು ರೂಢಿಯಿಂದ ತಾನಾಗಿಯೇ ಎಣಿಸುತ್ತಿತ್ತು.

ಕೊನೆಗೆ ಬಿರುಗಾಳಿ ನಿಂತಿತು. ಸಾಹೇಬರು ಕಣ್ಣೊರೆಸಿಕೊಂಡು ಕನ್ನಡಕವನ್ನು ನೆಲದಿಂದ ಹುಡುಕಿ ಹಾಕಿಕೊಂಡರು. ಮೇಘಾಳ ಕೈ ನೋಡಿದರು.

“ಎಷ್ಟಾಯ್ತಮ್ಮ?”

“ಹದಿನೇಳ್ರಿ ಸರ್.”

“ಎಷ್ಟು ಹೊತ್ತಲ್ಲಿ?”

“ಒಂದ್ ಮಿನಿಟ್ ಆಗಿರಬೇಕ್ರಿ.”

“ತಂಗೀ,” ಎಂದಳು ಕಾಕು ಸೆರಗಿನೊಳಗಿಂದ, “ಅದನ್ನ ಅರ್ಧಾ ಮಾಡಬ್ಯಾಡ. ಬೆಸಾ ಐತಿ ನೋಡು. ಸಾಹೇಬ್ರು ಜೋಡಿ ಕೂಡಸಾವ್ರಲ್ಲ.”

ದಾದಾಸಾಹೇಬರಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಿತು. “ಸಾಹೇಬ್ರ, ಡಬ್ಬಿ ತಗದ್ರ ಯಾರಿಗಾದ್ರೂ ಬರತೈತ್ರಿ. ಅದು ನ್ಯಾಯದ ಅಳತಿ ಅಲ್ಲ.”

“ನಿಮ್ಮ ಡಬ್ಬಿ ಅಲ್ಲಿತ್ತು, ನಾನು ಇಲ್ಲಿದ್ದೆ,” ಎಂದರು ಸಾಹೇಬರು, ಮೂಗು ಕೆಂಪಗಾಗಿತ್ತು. “ಈಯಮ್ಮನ ಮಾಳಿಗೆ ನಿಮ್ಮ ಶೆಡ್ಡಿಂದ ಇದಕ್ಕಿಂತ ದೂರ ಇದೆಯಾ?”

“ಗ್ವಾಡಿ ಒಂದ ಐತ್ರಿ ನಡುವ.”

“ಬೇರೆ ಕಡೆ ಜಾಗ ಇಲ್ವಾ ನಿಮಗೆ?”

“ಐತ್ರಿ ಸಾಹೇಬ್ರ,” ಕಾಕು ಎದ್ದು ನಿಂತಳು. “ಗಿರಣಿ ಪಶ್ಚಿಮಕ್ಕ ಬೇಕಾದಷ್ಟು ಬಯಲು ಜಾಗಾ ಐತಿ. ಅಲ್ಲಿ ಕಟ್ಟಲಿ, ನಾ ಒಂದ್ ಮಾತ ಆಡೂದಿಲ್ಲ.”

ಮೇಘಾ ನಕ್ಷೆ ಬಿಚ್ಚಿದಳು. “ಹೌದ್ರಿ ಸರ್, ಅಲ್ಲಿ ಶೆಡ್ಡು ಹಿಡಸತೈತಿ.”

“ಅಲ್ಲೀ?” ದಾದಾಸಾಹೇಬರ ದನಿ ಏರಿತು. “ಅಲ್ಲಿ ನಮ್ಮ ಮನಿ ಐತ್ರೀ!”

“ಅದಕ್ಕೇನೀಗ? ಧೂಳು ಮಿತಿಯ ಒಳಗಿದೆ ಅಂತ ವರದೀಲಿದೆ.”

“ವರದಿ ಬಿಡ್ರಿ ಸಾಹೇಬ್ರ! ಮನ್ಯಾಗ ಮಂದಿ ಇರತಾರ. ಅಡಗಿ ಆಗತೈತಿ. ನಮ್ಮಾಕಿ ಅಂಗಳದಾಗ ಶಂಡಗಿ ಒಣಾ ಹಾಕತಾಳ. ಅದರ ಮ್ಯಾಲೆ ಕುಂದ್ರತೈತಲ್ರೀ ಎಲ್ಲಾ!”

ಸಭೆಯಲ್ಲಿ ಒಂದು ನಗೆ ಶುರುವಾಗಿ, ಹಪ್ಪಳದ ಪಡೆಯ ಹತ್ತಿರ ಬಂದು ಕೇಕೆಯಾಯಿತು. ಸಾಹೇಬರು ಮಾತ್ರ ನಗಲಿಲ್ಲ.

“ತಾಸಿಗೆ ಎಷ್ಟು ಸೀನು ಬರಬಹುದು ನಿಮ್ಮ ಮನೇಲಿ?”

“ಸೀನು ಬರಲಿ ಬಿಡಲಿ, ನೆಮ್ಮದಿ ಹೋಗತೈತ್ರಿ!”

“ಎಷ್ಟು ಹೋಗುತ್ತೆ?”

“ನೆಮ್ಮದಿ ಹೋದ್ರ ಹೋತ್ರಿ! ಅದಕ್ಕ ಎಷ್ಟು ಅಂತ ಕೇಳತಾರೇನ್ರಿ ಯಾರರ?”

ಹೇಳಿದ ಮೇಲೆ ದಾದಾಸಾಹೇಬರು ತಾವು ಹೇಳಿದ್ದನ್ನು ಕೇಳಿಸಿಕೊಂಡರು. ಟೊಪ್ಪಿಗೆ ತೆಗೆದು, ತಲೆ ಕೆರೆದು, ಕೂತರು. ಸಾಹೇಬರು ಆ ಮಾತನ್ನು ಅಲ್ಲೇ ಬರೆದುಕೊಂಡು ಓದಿ ಹೇಳಿದರು: ‘ಈ ಶೆಡ್ಡಿನ ಪಕ್ಕದಲ್ಲಿ ವಾಸಿಸುವವರ ನೆಮ್ಮದಿ ಹೋಗುತ್ತದೆಂದು ಅರ್ಜಿದಾರರೇ ತುಂಬಿದ ಸಭೆಯಲ್ಲಿ ತಿಳಿಸಿರುತ್ತಾರೆ. ಆದುದರಿಂದ ಮನೆಗಳ ಪಕ್ಕದಲ್ಲಿ ಶೆಡ್ಡಿಗೆ ಅನುಮತಿ ಇರುವುದಿಲ್ಲ.’ ಆಮೇಲೆ ತಲೆಯೆತ್ತಿ, ಊರ ಹೊರಗೆ ಜಾಗ ಇದೆಯೇ ಎಂದು ಕೇಳಿದರು. ದಾದಾಸಾಹೇಬರಿಗೆ ಚಿಕ್ಕೋಡಿ ರಸ್ತೆಯಲ್ಲಿ ತಂಬಾಕಿನ ಹೊಲವಿತ್ತು. ಸುತ್ತ ಮನೆಯಿಲ್ಲ, ತಂಬಾಕಿಗೆ ತಂಬಾಕಿನ ಧೂಳು ಬಿದ್ದರೆ ಅದು ದೂರು ಕೊಡುವುದಿಲ್ಲ. ಅಲ್ಲಿಗಾದರೆ ಪರವಾನಗಿ ಕೊಡುತ್ತೇನೆ ಎಂದರು ಸಾಹೇಬರು. ಹೂಂ ಎಂದರು ದಾದಾಸಾಹೇಬರು.

ಸಾಹೇಬರು ಪೆನ್ನೆತ್ತಿ, ಸಹಿ ಮಾಡದೆ, ಕಾಕುವಿನ ಕಡೆ ನೋಡಿದರು. ದಾದಾಸಾಹೇಬರೂ ನೋಡಿದರು. ಒಂಟಿ ಸೀನು ಇನ್ನೂ ಸಭೆಯ ನಡುವೆ ತೂಗುತ್ತಲೇ ಇತ್ತು.

ಗೌರಾಕಾಕು ಸೆರಗು ಕೆಳಗಿಳಿಸಿದಳು. ಮೂಗು ಮೇಲೆತ್ತಲಿಲ್ಲ, ಕಣ್ಣು ಮುಚ್ಚಲಿಲ್ಲ.

“ಆಕ್ಷೀ!”

ಸಹಿ ಬಿತ್ತು.

ಮೆಟ್ಟಿಲಿಳಿಯುವಾಗ ಕಾಕು ದಾದಾಸಾಹೇಬರನ್ನು ಕೂಡಿಕೊಂಡಳು. “ಸಾವ್ಕಾರ, ಹೊಲದಾಗ ಹೊಸಾ ಶೆಡ್ಡಿನ ಪೂಜಿ ಮಾಡತೀರಲ್ಲ, ಊಟಕ್ಕ ಹಪ್ಪಳ ನನ್ನ ಕಡೆಯಿಂದನ ಒಯ್ಯಬೇಕ್ರಿ.”

“ಯಾಕ್ರಿ ಕಾಕು? ನಮ್ಮಾಕಿ ಮನ್ಯಾಗ ಮಾಡತಾಳ.”

“ಆಗ್ಲಿ ಬಿಡ್ರಿ. ಹಪ್ಪಳ ಒಯ್ಯಲಿಲ್ಲಂದ್ರೂ ಪೂಜಿಗೆ ನಾ ಬರತೇನಿ. ಮಷಿನ್ ಚಾಲೂ ಮಾಡೂ ಹೊತ್ತಿಗೆ ಮುಂದನ ನಿಂದ್ರತೇನಿ,” ಎಂದು ಕಾಕು ತೋರುಬೆರಳಿನಿಂದ ಮೂಗಿನ ತುದಿಯನ್ನು ನಿಧಾನವಾಗಿ ತಿಕ್ಕಿಕೊಂಡಳು.

ದಾದಾಸಾಹೇಬರು ಅಲ್ಲೇ ನಿಂತು ಮ್ಯಾನೇಜರನ್ನು ಕೂಗಿದರು. “ಲಗಮಪ್ಪಾ, ಕಾಕುನ ಹಪ್ಪಳ ಒಂದ್ ಕ್ವಿಂಟಲ್ ಬರಕೋ. ಎರಡ ಬರಕೋ, ಎರಡು.”